ಉದ್ರಿ ಪುಸ್ತಕದಲ್ಲಿ ಅಭ್ಯರ್ಥಿಗಳ ಹೆಸರು

2013ರ ಎಲೆಕ್ಷನ್‌ನಲ್ಲಿ ನೂರು ರೂಪಾಯಿಯ ಬಾಂಡ್ ಪೇಪರ್ ಹಿಡಿದುಕೊಂಡು ಅರಳಿಕಟ್ಟೆ ಹತ್ತಿರ ನಿಂತಿದ್ದೆ. ಪ್ರಚಾರಕ್ಕೆ ಬಂದವರು ಕೊಡುವ ಮಾತನ್ನು ಅದರ ಮೇಲೆ ಬರೆಸಿ ಸಹಿ ಹಾಕಿಸಬೇಕು ಅನ್ನುವುದು ನನ್ನ ಲೆಕ್ಕಾಚಾರ. ಊರೇ ನಕ್ಕಿತು. ಈಗ ಆ ಮಾತನ್ನು ನನ್ನ ಅಂಗಡಿಯ ಉದ್ರಿ ಪುಸ್ತಕದಲ್ಲೇ, ಸಾಲ ಬರೆಯುವ ಹಾಗೆ, ಅಭ್ಯರ್ಥಿಗೊಂದು ಪುಟ ತೆಗೆದು ಬರೆಸಿಕೊಳ್ಳುತ್ತೇನೆ. ಅದೇ ಜನ, ಯಾರಾದರೂ ಓಟು ಕೇಳಲು ಬಂದರೆ 'ಮೊದ್ಲು ಅಂಗಡಿಗೆ ಹೋಗಿ ಬರೆಸಿ ಬನ್ನಿ' ಅನ್ನುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಹಾಕುವ ಗೆಳೆಯರು 'ಇದೆಲ್ಲ ನಡೆಯಲ್ಲ ಬಿಡಣ್ಣ' ಅಂದಿದ್ದರು. ಅವರೂ ಈಗ ಪುಟದ ಫೋಟೊ ಕಳಿಸು ಅಂತ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದೇ ಬಿಡೋಣ ಅಂತ ಕೂತೆ.

ನಮ್ಮದು ತೆಂಗಿನ ಸೀಮೆಯ ಒಂದು ಹಳ್ಳಿ. ಊರಿನ ಹೆಸರು ಬೇಡ. ಹೇಳಿದರೆ ಕ್ಷೇತ್ರ ಯಾವುದು ಅಂತ ಗೊತ್ತಾಗುತ್ತದೆ, ಆಮೇಲೆ ಅಂಗಡಿ ಮುಂದೆ ಬಿಳಿ ಕಾರು ನಿಲ್ಲುತ್ತದೆ. ನನ್ನದು ದಿನಸಿ ಅಂಗಡಿ, ಅಪ್ಪನ ಕಾಲದ್ದು. ಅಭ್ಯರ್ಥಿಗಳು ಆಸ್ತಿ, ಆದಾಯ ತಿಳಿಸುವ ಅಫಿಡವಿಟ್ ಇದೆಯಲ್ಲ, ಆ ಫಾರಂ 26 ಹೇಗೆ ಓದಬೇಕು, ಮಾಹಿತಿ ಹಕ್ಕಿನ ಅರ್ಜಿ ಹೇಗೆ ಬರೆಯಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಈ ಕೆಲಸಕ್ಕೆ ಕೈ ಹಾಕಿದವರಿಗೆ ಅದು ಗೊತ್ತೇ ಇರುತ್ತದೆ.

ಬಾಂಡ್ ಪೇಪರ್ ಕಥೆ ಮೊದಲು ಮುಗಿಸುತ್ತೇನೆ. ಒಬ್ಬ ಅಭ್ಯರ್ಥಿ ಅದನ್ನು ನೋಡಿ, 'ಅಣ್ಣಾ, ನಾನೇನು ನಿಮಗೆ ಸೈಟು ಮಾರ್ತಿದ್ದೀನಾ?' ಅಂದರು. ಸುತ್ತ ನಿಂತವರೆಲ್ಲ ಗೊಳ್ಳೆಂದರು. ಇನ್ನೊಬ್ಬರು ಅದಕ್ಕಿಂತ ಜಾಣರು. ನನ್ನ ಕೈ ಹಿಡಿದು ಸೀದಾ ಊರಮ್ಮನ ಗುಡಿಗೆ ಕರೆದುಕೊಂಡು ಹೋದರು. ಕರ್ಪೂರ ಹಚ್ಚಿಸಿ, 'ಅಮ್ಮನ ಆಣೆಗೂ ಹಟ್ಟಿ ರಸ್ತೆ ಮಾಡಿಸ್ತೀನಿ' ಅಂದರು. ಹೆಂಗಸರು ಕಣ್ಣೊರೆಸಿಕೊಂಡರು. ಗೆದ್ದರು. ರಸ್ತೆ ಆಗಲಿಲ್ಲ, ಅಮ್ಮನೂ ಏನೂ ಮಾಡಲಿಲ್ಲ. ದೊಡ್ಡವರದ್ದೂ ಇದೇ ಕಥೆ ಅಲ್ವಾ? 2011ರಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರೂ ಆಣೆ ಪ್ರಮಾಣ ಅಂತ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದರು. ರಾಜ್ಯವೆಲ್ಲ ಟಿವಿ ಮುಂದೆ ಕೂತಿತ್ತು. ದರ್ಶನ ಮಾಡಿ ವಾಪಸ್ ಬಂದರು, ಆಣೆ ಆಗಲೇ ಇಲ್ಲ. ಅವತ್ತೇ ನಾನು ಬುದ್ಧಿ ಕಲಿಯಬೇಕಿತ್ತು. ಬಾಂಡ್, ನೋಟರಿ, ಓಡಾಟ ಸೇರಿ ಆರುನೂರು ರೂಪಾಯಿ ಹೋಯಿತು. ಒಂದು ಸಹಿಯೂ ಸಿಗಲಿಲ್ಲ.

2018ಕ್ಕೆ ವಿಡಿಯೊ ಹುಚ್ಚು ಹಿಡಿಯಿತು. ಹೊಸ ಫೋನ್, ಟ್ರೈಪಾಡ್, ಕಾಲರ್ ಮೈಕ್ ತೆಗೆದುಕೊಂಡೆ. ನಮ್ಮ ಹೋಬಳಿಯಲ್ಲಿ ನಡೆದ ಹದಿನಾಲ್ಕೋ ಹದಿನೈದೋ ಸಭೆಗಳನ್ನು ಪೂರ್ತಿ ಹಿಡಿದೆ. ಒಂದು ಕಡೆ ಜೆಸಿಬಿಯಿಂದ ಸೇಬಿನ ಹಾರ ಹಾಕುವಾಗ ದಾರ ಕಿತ್ತುಹೋಗಿ, ಭಾಷಣ ಬಿಟ್ಟು ಜನ ಸೇಬು ಆರಿಸಿದ್ದೂ ಅದರಲ್ಲಿದೆ. ಯೂಟ್ಯೂಬ್‌ಗೆ ಹಾಕಿದ್ದರಲ್ಲಿ ಜಾಸ್ತಿ ಜನ ನೋಡಿದ್ದು ಅದನ್ನೇ. ಆಶ್ವಾಸನೆಯ ವಿಡಿಯೊಗಳನ್ನು ನೋಡಿದವರು ನಲವತ್ತು ಜನ, ಅದರಲ್ಲಿ ನಾನೇ ಹತ್ತು ಸಲ.

ಗೆದ್ದವರು ಒಂದೂವರೆ ವರ್ಷದ ಮೇಲೆ ಒಂದು ಮದುವೆಗೆ ಬಂದಿದ್ದರು. ಊಟದ ಸಾಲಿನಲ್ಲಿ ಹಿಡಿದು ಫೋನ್ ತೋರಿಸಿದೆ. 'ಹೇಮಾವತಿ ನೀರು ತಂದು ನಿಮ್ಮೂರ ಕೆರೆ ತುಂಬಿಸ್ತೀನಿ' ಅನ್ನುವ ಅವರದೇ ಮಾತು, ಅವರದೇ ದನಿ. ಪೂರ್ತಿ ನೋಡಿದರು. ಒಬ್ಬಟ್ಟು ಮುರಿಯುತ್ತಾ ಸಮಾಧಾನವಾಗಿ, 'ಹೌದಣ್ಣ, ತುಂಬಿಸ್ತೀನಿ ಅಂದಿದ್ದೀನಿ. ಯಾವಾಗ ಅಂತ ಹೇಳಿದೀನಾ? ಇನ್ನೊಂದ್ಸಲ ಹಾಕಿ ನೋಡಿ' ಅಂದರು.

ಇನ್ನೊಂದು ಸಲ ಹಾಕಿದೆ. ಹೇಳಿರಲಿಲ್ಲ.

ಆ ವರ್ಷ ನನಗೆ ಹನ್ನೊಂದು ಸಾವಿರದ ಹತ್ತಿರ ಖರ್ಚು. ಮೈಕ್ ಈಗ ಮಗಳ ಹಾಡಿನ ರೆಕಾರ್ಡಿಂಗ್‌ಗೆ ಉಪಯೋಗ ಆಗುತ್ತಿದೆ. ಮನೆಯವಳು 'ಅಷ್ಟರಲ್ಲಿ ಒಂದು ಫ್ರಿಜ್ ಬರ್ತಿತ್ತು' ಅಂದಿದ್ದನ್ನು ಇವತ್ತಿಗೂ ಬಿಟ್ಟಿಲ್ಲ. ಒಂದು ಪಕ್ಷದ ಎರಡು ಮನೆಯವರು ಅಂಗಡಿಗೆ ಬರುವುದನ್ನೇ ನಿಲ್ಲಿಸಿದರು. ತಿಂಗಳಿಗೆ ಮೂರ್ನಾಲ್ಕು ಸಾವಿರದ ವ್ಯಾಪಾರ ಅದು. ಆರ್‌ಟಿಐಯಲ್ಲೂ ಎಡವಿದೆ. ಕೆರೆ, ರಸ್ತೆ, ಶಾಲೆ, ನೀರಿನ ಘಟಕ ಎಲ್ಲ ಸೇರಿಸಿ ಏಳು ಪ್ರಶ್ನೆ, ಎರಡು ಪುಟ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಅರ್ಜಿ ಹಾಗೇ ವಾಪಸ್ ಬಂತು. ಹತ್ತು ರೂಪಾಯಿ ಹೋದದ್ದಕ್ಕಿಂತ ಎರಡು ತಿಂಗಳು ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು.

ಅದೇ ಸಮಯದಲ್ಲಿ ಇನ್ನೊಂದು ಕುತೂಹಲಕ್ಕೆ ಕೈ ಹಾಕಿದೆ. ಫಲಿತಾಂಶ ಬಂದು 30 ದಿನದೊಳಗೆ ಅಭ್ಯರ್ಥಿಗಳು ಚುನಾವಣಾ ವೆಚ್ಚದ ಲೆಕ್ಕ ಕೊಡಬೇಕಲ್ಲ, ಅದನ್ನು ಯಾರು ಬೇಕಾದರೂ ನೋಡಬಹುದು. ಶುಲ್ಕ ಒಂದು ರೂಪಾಯಿ. ಒಂದು ರೂಪಾಯಿ ಕಟ್ಟುತ್ತೇನೆ ಅಂದಾಗ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಿಯಮದ ಪ್ರತಿ ಜೇಬಿನಲ್ಲಿ ಇತ್ತು, ತೋರಿಸಿದೆ. ಕಡತ ಬಂತು. ಶಾಮಿಯಾನ, ಕುರ್ಚಿ, ಕಾಫಿ, ತಿಂಡಿ ಎಲ್ಲ ಇದೆ. ನನ್ನ ಭಾವಮೈದುನ ಶಾಮಿಯಾನದವನು, ಅವನು ಹಾಕಿದ್ದು ಮುನ್ನೂರು ಕುರ್ಚಿ, ಲೆಕ್ಕದಲ್ಲಿ ಇದ್ದದ್ದು ಅರವತ್ತು. ಸರಿ, ಅದನ್ನು ನಿರೀಕ್ಷಿಸಿದ್ದೆ. ಆಮೇಲೆ ನನ್ನ ಅಂಗಡಿಯ ಬಿಲ್ ಹುಡುಕಿದೆ. ಪ್ರಚಾರದ ಅಡುಗೆಗೆ ಅಂತ ಹದಿನೆಂಟು ದಿನ ಅಕ್ಕಿ, ಬೇಳೆ, ಎಣ್ಣೆ ಕೊಟ್ಟಿದ್ದೆ, ನಲವತ್ತು ಸಾವಿರದ ಮೇಲೆ ಆಗಿತ್ತು. ಮೂರು ಸಲ ತಿರುವಿ ಹಾಕಿದೆ. ನನ್ನ ಅಂಗಡಿಯ ಹೆಸರೇ ಇಲ್ಲ. ಅಷ್ಟು ಜನ ಹದಿನೆಂಟು ದಿನ ಉಪವಾಸ ಇದ್ದರು ಅಂತ ಆಯಿತು! (ಅದರಲ್ಲಿ ಒಂಬತ್ತು ಸಾವಿರ ನನಗೂ ಬಂದಿಲ್ಲ, ಅದು ಬೇರೆ ವಿಷಯ.)

ಕೋರ್ಟಿಗೆ ಹೋಗು ಅಂದವರಿದ್ದರು. ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ ಮಾತ್ರ. ಲೆಕ್ಕ ಬರುವುದಕ್ಕೇ 30 ದಿನ. ಮಧ್ಯೆ ಉಳಿದ ಹದಿನೈದು ದಿನದಲ್ಲಿ ಪ್ರತಿ ತೆಗೆಸಿ, ವಕೀಲರನ್ನು ಹಿಡಿದು ಹೈಕೋರ್ಟಿಗೆ ಹೋಗುವುದು ದಿನಸಿ ಅಂಗಡಿಯವನ ಕೈಲಿ ಆಗುವ ಮಾತಲ್ಲ. ಬಿಟ್ಟೆ. ಆದರೆ ನನ್ನ ಬಿಲ್ ಹುಡುಕಲು ಮನೆಗೆ ಬಂದು ಉದ್ರಿ ಪುಸ್ತಕ ತೆಗೆದೆನಲ್ಲ, ಆಗ ಹೊಳೆಯಿತು.

ಉದ್ದನೆಯ ಕೆಂಪು ರಟ್ಟಿನ ಪುಸ್ತಕ. ಅದರಲ್ಲಿ ಊರಿನ ಪ್ರತಿ ಮನೆಗೂ ಒಂದು ಪುಟ. ಯಾರಿಗೂ ಬಾಂಡ್ ಇಲ್ಲ, ಸಾಕ್ಷಿ ಇಲ್ಲ, ಆಣೆ ಇಲ್ಲ. ಏನು ತೆಗೆದುಕೊಂಡರು, ಎಷ್ಟು, ಯಾವಾಗ ಕೊಡುತ್ತಾರೆ, ಅಷ್ಟೇ. 'ಕೊಬ್ಬರಿ ಮಾರಿದ ಮೇಲೆ' ಅಂತ ಬರೆದಿದ್ದರೆ ಕೊಬ್ಬರಿ ಮಾರಿದ ವಾರದಲ್ಲಿ ಬಂದು ಕೊಡುತ್ತಾರೆ. ನೂರಕ್ಕೆ ತೊಂಬತ್ತು ಜನ. ನ್ಯಾಯಾಲಯಕ್ಕೆ ಹೆದರಿ ಅಲ್ಲ, ನಾಳೆ ಅಂಗಡಿ ಮುಂದೆ ಹಾದುಹೋಗಬೇಕಲ್ಲ ಅಂತ.

2023ರಲ್ಲಿ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಅಭ್ಯರ್ಥಿಗಳಿಗೆ ಒಂದೊಂದು ಪುಟ ತೆಗೆದೆ. ಹೊಸ ಪುಸ್ತಕ ಅಲ್ಲ, ಅದೇ ಪುಸ್ತಕ. ಇದು ಮುಖ್ಯ. ಬಂದವರಿಗೆ ಮೊದಲು ಮುಂದಿನ ಪುಟಗಳನ್ನು ತಿರುವಿ ತೋರಿಸುತ್ತೇನೆ, ಮೊತ್ತದ ಮೇಲೆ ಅಂಗೈ ಮುಚ್ಚಿ, ಹೆಸರು ಮಾತ್ರ. 'ಊರಿನೋರೆಲ್ಲ ಇದರಲ್ಲಿದ್ದಾರೆ ಸಾರ್, ನೀವೂ ಊರಿನೋರು ಅಂತೀರಲ್ಲ' ಅನ್ನುತ್ತೇನೆ. ಬೇಡ ಅನ್ನಲು ಬಾಯಿ ಬರುವುದಿಲ್ಲ.

ಪುಟದಲ್ಲಿ ನಾಲ್ಕು ಗೆರೆ ಹಾಕಿದ್ದೆ. ಕೆಲಸ ಏನು, ಯಾವ ದುಡ್ಡಿನಲ್ಲಿ, ಯಾವ ಇಲಾಖೆ, ಯಾವ ತಿಂಗಳ ಒಳಗೆ. ಮೊದಲನೆಯದು ಎಲ್ಲರಿಗೂ ಸಲೀಸು. ಎರಡನೆಯದಕ್ಕೆ ಬಂದಾಗ ಹಿಂಬಾಲಕರ ಮುಖ ನೋಡುತ್ತಾರೆ. ಅಲ್ಲೇ ಮಾತು ಚಿಕ್ಕದಾಗುತ್ತದೆ, ನಮಗೆ ಬೇಕಾಗಿರುವುದೂ ಅದೇ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದು ಇಡೀ ಕ್ಷೇತ್ರಕ್ಕೆ. ನಮ್ಮೂರಿಗೆ ಎಷ್ಟು ಬರಬಹುದು ಅಂತ ಅಲ್ಲೇ ಭಾಗ ಹಾಕಿ ತೋರಿಸಿದರೆ 'ಮಾದರಿ ಗ್ರಾಮ ಮಾಡ್ತೀನಿ' ಅಂದವರು 'ಶಾಲೆ ಕಾಂಪೌಂಡ್ ಬರ್ಕೊಳಿ' ಅನ್ನುವಲ್ಲಿಗೆ ಬರುತ್ತಾರೆ.

ಕೊಬ್ಬರಿ ವಿಷಯ ಕೇಳಿ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರ್ಕೆಟ್ ಅದಕ್ಕಿಂತ ಕೆಳಗೆ ಬಿದ್ದು ನಮ್ಮ ಕಡೆಯವರು ಕಂಗಾಲಾಗಿದ್ದರು. ಬಂದವರಲ್ಲಿ ಒಬ್ಬರು, '15 ಸಾವಿರ ಕೊಡಿಸ್ತೀನಿ, ಬರ್ಕೊಳಿ' ಅಂದರು. ನಾನು ಪೆನ್ನು ಎತ್ತಲಿಲ್ಲ. 'ಬೆಂಬಲ ಬೆಲೆ ಡೆಲ್ಲಿಲಿ ತೀರ್ಮಾನ ಆಗೋದು, ನಿಮ್ಮ ಕೈಲಿ ಏನಿದೆ ಹೇಳಿ, ಅದನ್ನ ಬರ್ಕೊತೀನಿ' ಅಂದೆ. ಗಲಾಟೆ ಆಯಿತು. ಪಕ್ಕದಲ್ಲಿದ್ದ ಹುಡುಗನೊಬ್ಬ ನನ್ನನ್ನು ಇನ್ನೊಂದು ಪಕ್ಷದ ಏಜೆಂಟ್ ಅಂದ. ಅಭ್ಯರ್ಥಿಯೇ ಅವನನ್ನು ಸುಮ್ಮನಿರಿಸಿದರು. ಸ್ವಲ್ಪ ಯೋಚನೆ ಮಾಡಿ, 'ಗೆದ್ದರೆ ಮೊದಲ ವರ್ಷದೊಳಗೆ ಸದನದಲ್ಲಿ ಪ್ರಶ್ನೆ ಹಾಕ್ತೀನಿ' ಅಂದರು. ಅದನ್ನು ಬರೆದೆ. ಸದನದ ಪ್ರಶ್ನೆ ಅಂದರೆ ದಾಖಲೆ ಇರುತ್ತದೆ, ಹಾಕಿದ್ದಾರೋ ಇಲ್ಲವೋ ಅಂತ ತಿಳಿಯಬಹುದು. ಇಡೀ ಪ್ರಚಾರದಲ್ಲಿ ನಾನು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು ಅಂತ ಅನ್ನಿಸಿತು. ಬೆಲೆ ಸಿಗದೇ ಹೋದರೂ.

ಸಹಿ ಹಾಕಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲನೆಯವರದ್ದು ಆದರೆ ಎರಡನೆಯವರದ್ದು ತಾನೇ ಆಗುತ್ತದೆ, ಎದುರಾಳಿಯ ಸಹಿ ತೋರಿಸಿದರೆ ಸಾಕು. ಮೊದಲನೆಯವರಿಂದ ಹೇಗೆ ಹಾಕಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮುಂದಿನ ಎಲೆಕ್ಷನ್‌ಗೆ ನನಗೇ ಬೇಕು. ಒಟ್ಟು ಮೂರು ಮುಖ್ಯ ಅಭ್ಯರ್ಥಿಗಳಲ್ಲಿ ಇಬ್ಬರು ಹಾಕಿದರು. ಮೂರನೆಯವರು ಗಾಡಿಯಿಂದ ಇಳಿಯಲೇ ಇಲ್ಲ. ಅವರ ಪುಟದಲ್ಲಿ ತಾರೀಖು ಹಾಕಿ 'ಇಳಿಯಲಿಲ್ಲ' ಅಂತ ಬರೆದಿಟ್ಟಿದ್ದೇನೆ.

ಆ ಸಲವೂ ತಪ್ಪು ಮಾಡಲಿಲ್ಲ ಅಂತ ಅಲ್ಲ. ಎರಡೂ ಪುಟಗಳನ್ನು ದೊಡ್ಡದಾಗಿ ಫ್ಲೆಕ್ಸ್ ಮಾಡಿಸಿ ಅಂಗಡಿ ಮುಂದೆ ಕಟ್ಟಿದೆ. ನೀತಿ ಸಂಹಿತೆ ಇದೆ, ಅನುಮತಿ ಇಲ್ಲ ಅಂತ ಮಾರನೇ ದಿನವೇ ಬಿಚ್ಚಿಸಿದರು. ಎಂಟುನೂರು ರೂಪಾಯಿ ನೀರಿನಲ್ಲಿ ಹೋಮ. ಈಗ ಆ ಫ್ಲೆಕ್ಸ್ ಕೊಬ್ಬರಿ ಅಟ್ಟದ ಮೇಲೆ ಮಳೆ ಸೋರುವ ಕಡೆ ಹಾಸಿದೆ. ಚುನಾವಣಾ ಅಕ್ರಮದ ದೂರು ಕೊಡಲು ಆಯೋಗ ಮಾಡಿರುವ ಸಿ-ವಿಜಿಲ್ ಆ್ಯಪ್ ಕೂಡ ಪರೀಕ್ಷಿಸಿದೆ. ಪಕ್ಕದ ಹಟ್ಟಿಯಲ್ಲಿ ರಾತ್ರಿ ಕುಕ್ಕರ್ ಹಂಚುತ್ತಿದ್ದರು. ವಿಡಿಯೊವನ್ನು ಆ ಆ್ಯಪ್‌ನಲ್ಲೇ ತೆಗೆಯಬೇಕು, ಗ್ಯಾಲರಿಯದ್ದು ನಡೆಯಲ್ಲ, ತೆಗೆದು ಐದು ನಿಮಿಷದಲ್ಲಿ ಕಳಿಸಬೇಕು. ಆ ಹಟ್ಟಿಯಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕ್ ಏರಿದರೆ ಮಾತ್ರ. ಎರಡು ಸಲ ಕೈಕೊಟ್ಟಿತು, ಮೂರನೇ ಸಲ ಹೋಯಿತು. ಫ್ಲೈಯಿಂಗ್ ಸ್ಕ್ವಾಡ್ ಒಂದು ಗಂಟೆ ಚಿಲ್ಲರೆಯಲ್ಲಿ ಬಂತು. ಆಯೋಗ ಹೇಳಿರುವ ನೂರು ನಿಮಿಷದ ಒಳಗೇ, ಅವರನ್ನು ದೂರುವ ಹಾಗಿಲ್ಲ. ಆದರೆ ಅಷ್ಟರಲ್ಲಿ ಕುಕ್ಕರ್ ಅಡುಗೆಮನೆ ಸೇರಿ ಒಂದೆರಡು ಕಡೆ ಸೀಟಿಯೂ ಹೊಡೆದಿತ್ತು.

ಫಾರಂ 26 ಹೋಲಿಸುವವರಿಗೆ ಒಂದು ಮಾತು. 2018ರ ಅಫಿಡವಿಟ್ ಪಕ್ಕ 2023ರದ್ದು ಇಟ್ಟು 'ನೋಡಿ ಆದಾಯ ಎಷ್ಟು ಏರಿದೆ' ಅಂತ ಕೂಗಬೇಡಿ. 2019ರಲ್ಲಿ ನಮೂನೆ ಬದಲಾಗಿ ಐದು ವರ್ಷದ ಆದಾಯ ಕೇಳುತ್ತಾರೆ, ಹಳೆಯದರಲ್ಲಿ ಒಂದೇ ವರ್ಷದ್ದು. ಮೊದಲು ನಾನೂ ಹಾಗೇ ಕೂಗಿ ಒಬ್ಬ ವಕೀಲರ ಕೈಲಿ ಚೆನ್ನಾಗಿ ಬೈಸಿಕೊಂಡೆ. ಆಸ್ತಿಯನ್ನು ಸರ್ವೆ ನಂಬರ್ ಹಿಡಿದು ನೋಡಿ, ಅದೇ ಸರಿ.

ಗೆದ್ದವರ ಪುಟದಲ್ಲಿ ಐದು ಕೆಲಸ ಇದ್ದವು. ಆರು ತಿಂಗಳಿಗೊಮ್ಮೆ ಒಂದು ಕೆಲಸಕ್ಕೆ ಒಂದು ಆರ್‌ಟಿಐ ಹಾಕಿದೆ, 150 ಪದ ಮೀರದೆ. ಕಾಮಗಾರಿಯ ಖರ್ಚಿನ ಅಂದಾಜು ಪಟ್ಟಿಯ ನಂಬರ್ ಮೊದಲೇ ಗೊತ್ತಿದ್ದರೆ ಉತ್ತರ ಬೇಗ ಬರುತ್ತದೆ. ಆ ನಂಬರ್ ಎಲ್ಲಿಂದ ತರುತ್ತೇನೆ ಅಂತ ಕೇಳಬೇಡಿ. ಆದರೆ ನಿಜವಾಗಿ ಕೆಲಸ ಮಾಡಿಸಿದ್ದು ಆರ್‌ಟಿಐ ಅಲ್ಲ, ಸೋತವರು! ಅವರ ಪುಟವೂ ಪುಸ್ತಕದಲ್ಲಿ ಇದೆಯಲ್ಲ. ಅವರ ಹುಡುಗರು ತಿಂಗಳಿಗೊಮ್ಮೆ ಬೀಡಿ ನೆಪದಲ್ಲಿ ಬಂದು 'ಎಷ್ಟು ಚುಕ್ತಾ ಆಯ್ತಣ್ಣ?' ಅಂತ ಗೆದ್ದವರ ಪುಟ ನೋಡಿ, ಫೋಟೊ ಹೊಡೆದು ಹೋಗುತ್ತಾರೆ. ಸಂಜೆಗೆ ಅದು ವಾಟ್ಸಾಪ್‌ನಲ್ಲಿ. ನನಗೆ ಒಂದು ಪೈಸೆ ಖರ್ಚಿಲ್ಲದ ಆಡಿಟ್.

ಶಾಲೆ ಕಾಂಪೌಂಡ್ ಆಯಿತು, ಹೇಳಿದ ತಿಂಗಳಿಗಿಂತ ನಾಲ್ಕು ತಿಂಗಳು ತಡ. ಕೆಟ್ಟು ಕೂತಿದ್ದ ಶುದ್ಧ ನೀರಿನ ಘಟಕ ರಿಪೇರಿ ಆಯಿತು. ಸದನದಲ್ಲಿ ಪ್ರಶ್ನೆಯೂ ಬಂತು. ಹಟ್ಟಿ ರಸ್ತೆ ಅರ್ಧ ಆಗಿ ಜಲ್ಲಿ ರಾಶಿಯಲ್ಲಿ ನಿಂತಿದೆ. ಐದನೆಯದು ಸಮುದಾಯ ಭವನ, ಅದರ ವಿಷಯಕ್ಕೆ ಅವರೇ ಹೋದ ವರ್ಷ ಅಂಗಡಿಗೆ ಬಂದರು. ಕಾರು ದೂರ ನಿಲ್ಲಿಸಿ ನಡೆದುಕೊಂಡು ಬಂದಿದ್ದರು. 'ಅಣ್ಣಾ, ಜಾಗ ತಕರಾರಿನಲ್ಲಿದೆ, ನನ್ನ ಅವಧಿಯಲ್ಲಿ ಆಗಲ್ಲ, ಅದನ್ನ ಹೊಡೆದುಹಾಕ್ಬಿಡಿ' ಅಂದರು.

ಹೊಡೆದುಹಾಕಲಿಲ್ಲ. ಅಂಗಡಿಯಲ್ಲಿ ಉದ್ರಿ ಹಾಗೆ ತೀರುವುದಿಲ್ಲ. ಪಕ್ಕದಲ್ಲಿ 'ಆಗಲ್ಲ ಅಂತ ತಾವೇ ಬಂದು ಹೇಳಿದರು' ಅಂತ ಬರೆದು, ಪುಸ್ತಕ ಅವರ ಕಡೆ ತಿರುಗಿಸಿ ಪೆನ್ನು ಕೊಟ್ಟೆ. ಒಂದು ನಿಮಿಷ ನನ್ನನ್ನೇ ನೋಡಿದರು. ಆಮೇಲೆ ಸಹಿ ಹಾಕಿ, ಒಂದು ಸೋಡಾ ಕುಡಿದು, ದುಡ್ಡು ಕೊಟ್ಟು ಹೋದರು.