ಮದರ್‌ನಿಂದ ಮಟರ್ನಲ್‌ವರೆಗೆ: ಒತ್ತು ಕಲಿಸುವಾಗ ಕಂಡದ್ದು

ಸ್ಪೋಕನ್ ಇಂಗ್ಲಿಷ್ ತರಗತಿಯಲ್ಲಿ ಒತ್ತಿನ ಪಾಠಕ್ಕೆ ನಾನು ಆರಿಸಿಕೊಳ್ಳುವುದು ನೆಂಟಸ್ತಿಕೆಯ ಪದಗಳನ್ನೇ. ಅರ್ಥ ಎಲ್ಲರಿಗೂ ಗೊತ್ತಿರುವುದರಿಂದ ಗಮನವೆಲ್ಲ ಉಚ್ಚಾರಣೆಯ ಮೇಲಿರುತ್ತದೆ. (ಒತ್ತು ಎಂದರೆ ಇಲ್ಲಿ ಒತ್ತಕ್ಷರವಲ್ಲ, ದನಿಯ ಒತ್ತು.)

ಮೊದಲು ಮೇಜು ತಟ್ಟಿ ಸಿಲೆಬಲ್ (ಒಂದು ಸ್ವರದ ಸುತ್ತ ಕೂಡಿ ಬರುವ ಉಚ್ಚಾರಣೆಯ ತುಂಡು) ಎಣಿಸುವುದು. ಆಂಟ್, ನೀಸ್ ಒಂದೊಂದೇ ತಟ್ಟು. ಕೊನೆಗೆ ಉಕಾರ ಸೇರಿ 'ನೀಸು' ಆಯಿತೋ, ಎರಡಾಯಿತು. ಫ್ಯಾಮಿಲಿ ನಿಧಾನಕ್ಕೆ ಹೇಳಿದರೆ ಮೂರು, ಮಾತಿನ ಓಟದಲ್ಲಿ 'ಫ್ಯಾಮ್ಲಿ', ಎರಡೇ.

ಮದರ್, ಫಾದರ್, ಸಿಸ್ಟರ್, ಕಸಿನ್, ಎಲ್ಲಕ್ಕೂ ಒತ್ತು ಮೊದಲ ಸಿಲೆಬಲ್ ಮೇಲೆ. ಕೆಡುವುದು ಹೆಚ್ಚಾಗಿ ಮದರ್, ಬ್ರದರ್. ಪ್ರಸ್ತಾರ ಹಾಕಿದರೆ ಕಾರಣ ಸಿಗುತ್ತದೆ: 'ಮ' ಲಘು, 'ದರ್' ಗುರು. ಕನ್ನಡದ ಕಿವಿ ಭಾರವನ್ನು 'ದರ್' ಕಡೆಗೆ ಎಳೆಯುತ್ತದೆ. ಮೊದಲನೆಯದನ್ನು ಜೋರಾಗಿ ಹೇಳಿಸಿ ಪ್ರಯೋಜನವಿಲ್ಲ, ಎರಡನೆಯದನ್ನು ಅರ್ಧ ನುಂಗಿಸಬೇಕು. ಬ್ರಿಟಿಷ್ ಉಚ್ಚಾರಣೆಯಲ್ಲಿ ಕೊನೆಯ ರಕಾರವೂ ಕೇಳಿಸದು. ಆದರೆ ಮದರ್-ಇನ್-ಲಾ ಎನ್ನುವಾಗ ಮುಂದೆ ಸ್ವರವಿರುವುದರಿಂದ ಅದು ಮರಳಿ ಬಂದು 'ಮದರಿನ್‌ಲಾ' ಎಂದು ಕೂಡಿಕೊಳ್ಳುತ್ತದೆ. ಆಗಲೂ ಮುಖ್ಯ ಒತ್ತು 'ಮ' ಮೇಲೆಯೇ.

ಜೋಡಿಪದಗಳಲ್ಲಿ ಒತ್ತು ಸಾಮಾನ್ಯವಾಗಿ ಮೊದಲ ತುಂಡಿಗೆ: ಸ್ಟೆಪ್‌ಮದರ್, ಹಾಫ್-ಬ್ರದರ್, ಗ್ರ್ಯಾಂಡ್‌ಫಾದರ್. ಗ್ರ್ಯಾಂಡ್‌ಮದರ್‌ನಲ್ಲಿ ಡಕಾರ ಬಿಟ್ಟೇ ಹೋಗುತ್ತದೆ, ಅದನ್ನು ಒತ್ತಿ ಹೇಳಿದರೆ ಕೃತಕ. ಎಕ್ಸ್-ಹಸ್ಬೆಂಡ್ ಮಾತ್ರ ಬೇರೆ ದಾರಿ, ಅಲ್ಲಿ ಒತ್ತು 'ಹಸ್' ಮೇಲೆ. ಮುತ್ತಜ್ಜನಿಗೆ ಗ್ರೇಟ್-ಗ್ರ್ಯಾಂಡ್‌ಫಾದರ್ ಎನ್ನುವಾಗಲೂ ಒತ್ತು 'ಗ್ರ್ಯಾಂಡ್' ಬಿಟ್ಟು ಕದಲುವುದಿಲ್ಲ. ಹಿಂದೆ ಇನ್ನೊಂದು ಗ್ರೇಟ್ ಸೇರಿಸಿದರೆ ಇನ್ನೊಂದು ತಲೆಮಾರು, ಅಷ್ಟೆ.

ಪ್ರತ್ಯಯಗಳದ್ದು ಎರಡು ಜಾತಿ. ಹುಡ್, ಶಿಪ್ ಸೇರಿದರೆ ಒತ್ತು ಇದ್ದಲ್ಲೇ ಇರುತ್ತದೆ: ಮದರ್‌ಹುಡ್‌ನಲ್ಲಿ 'ಮ', ರಿಲೇಶನ್‌ಶಿಪ್‌ನಲ್ಲಿ 'ಲೇ'. ಲ್ಯಾಟಿನ್ ಮೂಲದವು ಹಾಗಲ್ಲ. ಪೇರೆಂಟ್‌ನಲ್ಲಿ 'ಪೇ' ಮೇಲಿದ್ದದ್ದು ಪರೆಂಟಲ್‌ನಲ್ಲಿ 'ರೆಂ'ಗೆ ಹಾರುತ್ತದೆ. ಮಟರ್ನಲ್, ಪಟರ್ನಲ್‌ಗಳಲ್ಲಿ 'ಟರ್'. ತಮಾಷೆಯೆಂದರೆ, ಮದರ್‌ನಲ್ಲಿ ದಾರಿ ತಪ್ಪಿಸಿದ ಪ್ರಸ್ತಾರ ಇಲ್ಲಿ ಕೈಹಿಡಿಯುತ್ತದೆ: ಕೊನೆಯಿಂದ ಎರಡನೆಯದು ಗುರುವಾಗಿದ್ದರೆ ಇಂಥ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಅದಕ್ಕೇ. ಫ್ಯಾಮಿಲಿ, ಫಮಿಲಿಯರ್, ಫಮಿಲಿಆರಿಟಿ ಮೂರನ್ನೂ ಒಟ್ಟಿಗೆ ಹೇಳಿಸಿ, 'ಫ್ಯಾ', 'ಮಿ', 'ಆ' ಬಂದಾಗ ಮಾತ್ರ ತಟ್ಟಿಸುತ್ತೇನೆ.

ಬಹುವಚನ ಕೊನೆಗೆ. ಅತ್ತೆಯರು ಇಬ್ಬರಾದರೆ ಮದರ್ಸ್-ಇನ್-ಲಾ, ಅತ್ತೆಯ ಮನೆ ಮಾತ್ರ ಮದರ್-ಇನ್-ಲಾಸ್ ಹೌಸ್. ಬರವಣಿಗೆಯಲ್ಲಿ ಅಡ್ಡಗೆರೆ ಬಿಡುವಂತಿಲ್ಲ.