ಟ್ಯೂನರ್‌ಗೆ ಕರೆಂಟ್ ಎಲ್ಲಿಂದ ಕೊಡಬೇಕು

ಪಿಕಪ್‌ಗೆ ಎಂಜಿನ್ ಟ್ಯೂನರ್ (ಎಂಜಿನ್ ಓಡುವ ರೀತಿಯನ್ನು ಬದಲಿಸುವ ಸಾಧನ) ಹಾಕುವವರು ಅದರ ವಿದ್ಯುತ್ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕೊಡಬೇಡಿ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸ್ ಜಾಗದಲ್ಲಿ ಕೂತು, ಅದರ ಜೊತೆ ಇನ್ನೊಂದು ಫ್ಯೂಸ್ ಹಿಡಿದು ಹೊಸ ತಂತಿ ಕೊಡುವ ಕವಲು) ಹಾಕಿ ಅಲ್ಲಿಂದ ಎಳೆಯಿರಿ. ಬ್ಯಾಟರಿಗೆ ಕೊಟ್ಟರೆ ಗಾಡಿ ನಿಂತಿದ್ದಾಗಲೂ ಟ್ಯೂನರಿನ ಪರದೆ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಮೊದಲು ಆ ಫ್ಯೂಸ್‌ಗೆ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಉರಿಯುವ ದೀಪ) ಹಿಡಿದು ನೋಡಿ: ಸ್ಟಾರ್ಟರ್ ತಿರುಗುವಾಗಲೂ ದೀಪ ಆರಬಾರದು, ಆರಿದರೆ ಪ್ರತಿ ಸಲವೂ ಟ್ಯೂನರ್ ಹೊಸದಾಗಿ ಶುರುವಾಗುತ್ತದೆ. ಕೀ ತೆಗೆದ ಮೇಲೆ ದೀಪ ಆರಬೇಕು, ಆದರೆ ಕೆಲವು ಫ್ಯೂಸ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿಯುತ್ತದೆ, ಆದ್ದರಿಂದ ಅವಸರಪಟ್ಟು ತೀರ್ಮಾನಿಸಬೇಡಿ. ಟ್ಯಾಪ್‌ನ ಎರಡು ಕಾಲುಗಳಲ್ಲಿ ಎರಡೂ ಫ್ಯೂಸ್‌ಗಳಿಗೆ ಸೇರುವ ಕಾಲು ಕರೆಂಟ್ ಬರುವ ಕಡೆಗೇ ಇರಲಿ. ತಿರುಗಿಸಿ ಹಾಕಿದರೆ ಟ್ಯೂನರಿನ ಹೊರೆ ಹಳೆಯ ಫ್ಯೂಸ್ ಮೇಲೂ ಬೀಳುತ್ತದೆ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಫ್ಯೂಸ್‌ಗಳ ತಂಟೆಗೆ ಮಾತ್ರ ಹೋಗಬೇಡಿ, ಮೆಕ್ಯಾನಿಕ್ ಎಷ್ಟೇ ಧೈರ್ಯ ಹೇಳಲಿ. ಅರ್ತ್ ತಂತಿಗೆ ಬಣ್ಣ ಕೆರೆದ ಬರಿ ಲೋಹವೇ ಬೇಕು. ಓಬಿಡಿ, ಅಂದರೆ ಗಾಡಿಯ ದೋಷ ಪರೀಕ್ಷಿಸುವ ಸಾಕೆಟ್‌ನಿಂದಲೇ ಕರೆಂಟ್ ಪಡೆಯುವ ಟ್ಯೂನರ್‌ಗಳಿಗೆ ಈ ಉಪಾಯ ನಡೆಯದು. ಆ ಸಾಕೆಟ್‌ನ 16ನೇ ಪಿನ್‌ಗೆ ಸದಾ ಬ್ಯಾಟರಿ ಸಂಪರ್ಕವಿರುತ್ತದೆ. ಗಾಡಿಯನ್ನು ಹೆಚ್ಚು ದಿನ ನಿಲ್ಲಿಸುವುದಿದ್ದರೆ ಟ್ಯೂನರನ್ನು ಕಿತ್ತಿಡಿ.