ಬಿಲ್ ಸೊನ್ನೆ ಬಂದರೂ ಮೀಟರ್ ಓದೋಣ: ಶಾಲೆಯಲ್ಲಿ ಕರೆಂಟು ಉಳಿಸುವುದು, ಊರಿಗೆ ತಿಳಿಸುವುದು ಹೇಗೆ?

"ಸಾರ್, ನಮ್ಮನೆ ಬಿಲ್ ಸೊನ್ನೆ ಬರ್ತದೆ. ಶಾಲೆಗೂ ಫ್ರೀ. ಮತ್ತೆ ಕರೆಂಟು ಉಳಿಸೋದು ಯಾಕೆ?"

ಸಾಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. 2023ರ ಜುಲೈನಿಂದ ಮನೆಗಳಿಗೆ ಗೃಹಜ್ಯೋತಿ ಬಂತು. ಅದೇ ವರ್ಷದ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೂ ಉಚಿತ ಕರೆಂಟಿನ ಘೋಷಣೆಯಾಯಿತು. ಅದಕ್ಕೂ ಮೊದಲು "ದುಡ್ಡು ಉಳಿಯುತ್ತದೆ" ಎಂದರೆ ಸಾಕಿತ್ತು. ಈಗ ಬಿಲ್ಲು ಮಾತಾಡುವುದನ್ನು ನಿಲ್ಲಿಸಿದೆ. ಹಾಗಾಗಿ ಮೀಟರ್ ಮಾತಾಡಬೇಕು. ರೂಪಾಯಿ ಬಿಟ್ಟು ಯೂನಿಟ್ ಲೆಕ್ಕದಲ್ಲಿ ಯೋಚಿಸುವುದನ್ನು ಮಕ್ಕಳಿಗೂ ಊರಿಗೂ ರೂಢಿ ಮಾಡಿಸಬೇಕು. ಅದಕ್ಕೆ ಶಾಲೆಗಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಮೊದಲು ಒಂದು ಯೂನಿಟ್ ಎಷ್ಟೆಂದು ತೋರಿಸಿ

ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಇದು ಪುಸ್ತಕದಲ್ಲಿದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕಾಣುವಂತೆ ಮಾಡಲು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ದಾರಿ ಇದೆ: ಶರಾವತಿ.

ಲಿಂಗನಮಕ್ಕಿಯ ನೀರು ತಳಕಳಲೆಗೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ 400 ಮೀಟರ್‌ಗೂ ಹೆಚ್ಚು ಕೆಳಗಿಳಿದು ಟರ್ಬೈನ್ ತಿರುಗಿಸುತ್ತದೆ. ಒಂದು ಲೀಟರ್ ನೀರು 400 ಮೀಟರ್ ಬಿದ್ದರೆ ಸಿಗುವ ಶಕ್ತಿ ಸುಮಾರು 3,920 ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ 918 ಲೀಟರ್ ಬರುತ್ತದೆ. ಯಂತ್ರದಲ್ಲಿ ಒಂದಿಷ್ಟು ನಷ್ಟವಾಗುತ್ತದೆ, ಬೀಳುವ ಎತ್ತರ 400ಕ್ಕಿಂತ ಒಂದಿಷ್ಟು ಜಾಸ್ತಿಯೂ ಇದೆ. ಹೇಗೆ ನೋಡಿದರೂ ಹತ್ತಿರ ಹತ್ತಿರ ಸಾವಿರ ಲೀಟರ್. ಶಾಲೆಯ ತಾರಸಿ ಮೇಲೆ ಕೂತಿರುವ ಕಪ್ಪು ಟ್ಯಾಂಕಿನ ತುಂಬ ನೀರು!

ಈ ಲೆಕ್ಕವನ್ನು ಒಂಬತ್ತನೇ ತರಗತಿಯ ಮಕ್ಕಳ ಕೈಯಲ್ಲೇ ಮಾಡಿಸಿ. ಬೋರ್ಡಿನ ಮೇಲೆ ಬರೆದು ಕೊಟ್ಟರೆ ಸುಮ್ನೆ ಕಾಪಿ ಮಾಡಿಕೊಳ್ಳುತ್ತಾರೆ. ನಮ್ಮ ಪ್ಲಗ್ಗಿಗೆ ಬರುವ ಕರೆಂಟಿನಲ್ಲಿ ರಾಯಚೂರಿನ ಕಲ್ಲಿದ್ದಲು, ಪಾವಗಡದ ಬಿಸಿಲು ಎಲ್ಲವೂ ಬೆರೆತಿರುತ್ತದೆ, ಅದನ್ನೂ ಹೇಳಬೇಕು. ಆದರೂ ಒಂದು ಯೂನಿಟ್‌ಗೆ ಒಂದು ಟ್ಯಾಂಕ್ ಎಂಬ ಅಳತೆ ಒಮ್ಮೆ ತಲೆಯಲ್ಲಿ ಕೂತರೆ ಮತ್ತೆ ಮರೆಯುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ ಬಿಟ್ಟು ಎದ್ದು ಬಂದ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ತರಗತಿಗಳಲ್ಲೇ ಇದ್ದಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುವುದನ್ನು ಅವರು ನೋಡಿದ್ದಾರೆ. ಆ ನೀರಿನ ಬೆಲೆ ಅವರ ಅಜ್ಜ ಅಜ್ಜಿಯರಿಗೆ ಗೊತ್ತು. "ಬಿಲ್ ಸೊನ್ನೆ, ಮತ್ತೆ ಯಾಕೆ" ಎಂದ ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಮೀಟರ್ ಓದುವ ಗುಂಪು ಕಟ್ಟಿ

ನಾಲ್ಕು ಮಕ್ಕಳು, ಒಬ್ಬ ಶಿಕ್ಷಕರು, ಒಂದು ನೂರು ಪುಟದ ನೋಟ್‌ಬುಕ್. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಮ್ಮೆ, ಸಂಜೆ ಬಾಗಿಲು ಹಾಕುವಾಗ ಒಮ್ಮೆ ಓದಬೇಕು. ಮೆಸ್ಕಾಂನ ಡಿಜಿಟಲ್ ಮೀಟರ್‌ನಲ್ಲಿ ತಾರೀಖು, ಸಮಯ, ವೋಲ್ಟೇಜ್ ಎಲ್ಲ ಸರದಿಯಲ್ಲಿ ಬರುತ್ತವೆ. ಪಕ್ಕದಲ್ಲಿ 'kWh' (ಕೆಡಬ್ಲ್ಯುಎಚ್, ಅಂದರೆ ಯೂನಿಟ್) ಎಂಬ ಗುರುತು ಬಂದಾಗ ಕಾಣುವ ಸಂಖ್ಯೆಯನ್ನು ಮಾತ್ರ ಬರೆದುಕೊಳ್ಳಬೇಕು. ಮೊದಮೊದಲು ಮಕ್ಕಳು ವೋಲ್ಟೇಜನ್ನೇ ಯೂನಿಟ್ ಎಂದು ಬರೆದುಬಿಡುತ್ತಾರೆ. ಎರಡು ದಿನ ಪಕ್ಕದಲ್ಲಿ ನಿಂತು ತೋರಿಸಿದರೆ ಸರಿಹೋಗುತ್ತದೆ. ಒಂದು ಕಟ್ಟುನಿಟ್ಟು: ಕಣ್ಣಿಂದ ಓದುವುದಷ್ಟೇ, ಕೈ ಹಚ್ಚುವ ಹಾಗಿಲ್ಲ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿದ್ದರೆ ದೂರದಿಂದಲೇ ಓದಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಶನಿವಾರ ಮಧ್ಯಾಹ್ನದ ಮತ್ತು ಸೋಮವಾರ ಬೆಳಗಿನ ರೀಡಿಂಗ್. ನಡುವಿನ ಹೊತ್ತಿನಲ್ಲಿ ಶಾಲೆಯಲ್ಲಿ ಯಾರೂ ಇರುವುದಿಲ್ಲ. ಆದರೂ ಮೀಟರ್ ಓಡಿರುತ್ತದೆ. ಶನಿವಾರ ಹನ್ನೆರಡರಿಂದ ಸೋಮವಾರ ಹತ್ತರವರೆಗೆ 46 ಗಂಟೆ. ಆ ಹೊತ್ತಿನಲ್ಲಿ ಎರಡು ಯೂನಿಟ್ ಓಡಿದ್ದರೆ, ಸುಮಾರು 43 ವ್ಯಾಟ್‌ನ ಏನೋ ಒಂದು ಹಗಲು ರಾತ್ರಿ ಕರೆಂಟು ಎಳೆಯುತ್ತಿದೆ ಎಂದರ್ಥ. ವರ್ಷಕ್ಕೆ 370ಕ್ಕೂ ಹೆಚ್ಚು ಯೂನಿಟ್. ಅಷ್ಟು ಟ್ಯಾಂಕ್ ನೀರು ಯಾರಿಗೂ ಉಪಯೋಗವಿಲ್ಲದೆ ಹರಿದುಹೋದ ಹಾಗೆ.

ಮಿಟುಕುವ ಚುಕ್ಕೆಯ ಬೆನ್ನು ಹತ್ತಿ

ಕಳ್ಳನನ್ನು ಹಿಡಿಯುವುದು ಮಕ್ಕಳಿಗೆ ತುಂಬ ಇಷ್ಟವಾಗುವ ಕೆಲಸ. ಮೀಟರ್‌ನಲ್ಲಿ ಒಂದು ಕೆಂಪು ಚುಕ್ಕೆ ಮಿಟುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಟುಕುತ್ತದೆ ಎಂದು ಮೀಟರಿನ ಮೇಲೇ ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಹತ್ತು ಸಲ ಮಿಟುಕಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ನೋಡಿ. ಆ ಸೆಕೆಂಡುಗಳಿಂದ 11,250ನ್ನು ಭಾಗಿಸಿ. ಬಂದ ಉತ್ತರವೇ ಆ ಕ್ಷಣದಲ್ಲಿ ಶಾಲೆ ಎಳೆಯುತ್ತಿರುವ ವ್ಯಾಟ್. 75 ಸೆಕೆಂಡ್ ಹಿಡಿದರೆ 150 ವ್ಯಾಟ್. ಮೀಟರಿನ ಮೇಲೆ 1600 ಎಂದಿದ್ದರೆ 22,500ನ್ನು ಭಾಗಿಸಬೇಕು.

ಈಗ ಎಲ್ಲ ಸ್ವಿಚ್ ಆರಿಸಿ. ಆಮೇಲೂ ಚುಕ್ಕೆ ಮಿಟುಕುತ್ತಿದ್ದರೆ ಒಂದೊಂದೇ ಪ್ಲಗ್ ತೆಗೆಯುತ್ತಾ ಹೋಗಿ. ಒಬ್ಬರು ಮೀಟರ್ ಹತ್ತಿರ ನಿಂತು ಕೂಗಿ ಹೇಳಬೇಕು, ಇನ್ನೊಬ್ಬರು ಕೋಣೆಯಿಂದ ಕೋಣೆಗೆ ಹೋಗಬೇಕು. ನಾವು ಹೀಗೆ ಹುಡುಕಿದಾಗ ಸಿಕ್ಕಿದ್ದು ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿದ್ದ ಯುಪಿಎಸ್. ಕಂಪ್ಯೂಟರ್‌ಗಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಅದು ಮಾತ್ರ ಬಟ್ಟೆ ಮುಚ್ಚಿಕೊಂಡು ಬೆಚ್ಚಗೆ ಕೂತಿತ್ತು. ಬರೀ 15 ವ್ಯಾಟ್ ಎಳೆಯುವ ಪೆಟ್ಟಿಗೆಯೂ ವರ್ಷವಿಡೀ ಹೀಗೇ ಕೂತರೆ 131 ಯೂನಿಟ್ ತಿನ್ನುತ್ತದೆ. ಗುಡುಗು ಬಂದಾಗ ಪ್ಲಗ್ ಕಿತ್ತಿಡುವ ಅಭ್ಯಾಸ ಮಲೆನಾಡಿನವರಿಗೆ ಹೇಗೂ ಇದೆ. ಸಂಜೆ ಬಾಗಿಲು ಹಾಕುವಾಗಲೂ ಅದನ್ನೇ ಮಾಡಿದರಾಯಿತು.

ಬೆಳಕು: ದುಡ್ಡು ಹಾಕುವ ಮೊದಲು ಕಿಟಕಿ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತರಗತಿಗಳಲ್ಲಿ ಹಗಲು ಹನ್ನೊಂದಕ್ಕೂ ದೀಪ ಬೇಕು. ಮೋಡ ಒಂದು ಕಾರಣ, ಅದು ನಮ್ಮ ಕೈಯಲ್ಲಿಲ್ಲ. ಇನ್ನೊಂದು ಕಾರಣ ನಾವೇ ಕಟ್ಟಿದ್ದು. ಜಗಲಿಗೆ ಎರಚಲು ಹೊಡೆಯಬಾರದೆಂದು ಕಟ್ಟುವ ನೀಲಿ ಟಾರ್ಪಾಲ್ ಮಳೆಯ ಜೊತೆ ಬೆಳಕನ್ನೂ ತಡೆಯುತ್ತದೆ. ಅದರ ಬದಲು ಬೆಳಕು ಹಾಯುವ ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿ. ಕೋಣೆಯ ಬಣ್ಣವೇ ಬದಲಾಗುತ್ತದೆ.

ಹೆಂಚಿನ ಮಾಡು ಇದ್ದರೆ ನೀವು ಪುಣ್ಯವಂತರು. ಪ್ರತಿ ಕೋಣೆಗೆ ನಾಲ್ಕು ಗಾಜಿನ ಹೆಂಚು ಕೂರಿಸಿ ನೋಡಿ. ನಮ್ಮ ಅಜ್ಜಂದಿರು ಅಡುಗೆಮನೆ, ಅಟ್ಟಕ್ಕೆ ಹಾಕಿಸುತ್ತಿದ್ದುದು ಇದನ್ನೇ. ಮೊದಲೇ ಇದ್ದರೆ ಅದರ ಮೇಲೆ ಪಾಚಿ ಹಿಡಿದಿರುತ್ತದೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವಾಗ ಅವನ್ನೂ ಇಳಿಸಿ ತೊಳೆಸಿ. ಜೊತೆಗೆ ಒಳಗೋಡೆಗೆ ಸುಣ್ಣ ಬಳಿಸಿ. ಬಿಳಿ ಗೋಡೆ ಬೆಳಕನ್ನು ಕೋಣೆಯ ಒಳಗೆ ದಾಟಿಸುತ್ತದೆ.

ಆಮೇಲೆ ಸ್ವಿಚ್. ಕಿಟಕಿ ಪಕ್ಕದ ದೀಪದ ಸಾಲಿನ ಸ್ವಿಚ್ಚಿಗೆ ಹಸಿರು ಚುಕ್ಕೆ, ಒಳಸಾಲಿಗೆ ಕೆಂಪು ಚುಕ್ಕೆ ಅಂಟಿಸಿ. ಎರಡೂ ಒಂದೇ ಸ್ವಿಚ್ಚಿಗೆ ಸೇರಿದ್ದರೆ ಎಲೆಕ್ಟ್ರಿಷಿಯನ್ ಬಂದಾಗ ಬೇರೆ ಮಾಡಿಸಿ.

ಕೊನೆಗೆ ಟ್ಯೂಬ್‌ಲೈಟ್. ತಾಮ್ರದ ಚೋಕ್ ಇರುವ ಹಳೆಯ 40 ವ್ಯಾಟ್ ಟ್ಯೂಬ್ ಚೋಕ್ ಸೇರಿ 50 ವ್ಯಾಟ್ ದಾಟುತ್ತದೆ. ಎಲ್‌ಇಡಿ ಟ್ಯೂಬಿಗೆ 20 ಸಾಕು. ಒಂದಕ್ಕೆ 32 ವ್ಯಾಟ್ ಉಳಿತಾಯ ಎಂದುಕೊಳ್ಳಿ. ಹತ್ತು ಟ್ಯೂಬ್ ದಿನಕ್ಕೆ ಆರು ಗಂಟೆ, 200 ದಿನ ಉರಿದರೆ 384 ಯೂನಿಟ್ ಉಳಿಯುತ್ತದೆ. ಹಳೆಯ ಪಟ್ಟಿಗೇ ಎಲ್‌ಇಡಿ ಹಾಕುವಾಗ ಚೋಕ್ ತೆಗೆಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದು ತನ್ನ ಪಾಲು ತಿನ್ನುತ್ತಲೇ ಇರುತ್ತದೆ. ತೆಗೆದ ಟ್ಯೂಬ್‌ಗಳಲ್ಲಿ ಪಾದರಸ ಇರುತ್ತದೆ. ಒಡೆಯಬಾರದು, ಮಕ್ಕಳ ಕೈಗೆ ಸಿಗಬಾರದು.

ಫ್ಯಾನು, ಪಂಪು, ಒಲೆ

ಫ್ಯಾನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಳೆಯ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟು ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಕೇಳಲು ಚೆನ್ನಾಗಿದೆ. ಆದರೆ ಹೊಸನಗರ, ತೀರ್ಥಹಳ್ಳಿಯ ಹಳ್ಳಿ ಶಾಲೆಗಳಲ್ಲಿ ಫ್ಯಾನ್ ತಿರುಗುವುದೇ ವರ್ಷಕ್ಕೆ ಎರಡು ಮೂರು ತಿಂಗಳು. ಅಲ್ಲಿ ಮೊದಲ ದುಡ್ಡು ದೀಪಕ್ಕೇ ಹೋಗಲಿ. ಶಿವಮೊಗ್ಗ, ಭದ್ರಾವತಿ ಪೇಟೆಯ ಶಾಲೆಗಳಿಗೆ ಮಾತ್ರ ಫ್ಯಾನ್ ಬದಲಿಸುವುದು ಲಾಭವೇ.

ಟ್ಯಾಂಕ್ ತುಂಬಿದೊಡನೆ ಪಂಪನ್ನು ತಾನೇ ಆರಿಸುವ ಫ್ಲೋಟ್ ಸ್ವಿಚ್ ಹಾಕಿಸಿ. ಒಂದು ಎಚ್‌ಪಿ ಪಂಪು ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಟ್ಯಾಂಕ್ ತುಂಬಿ ಹರಿಯುವ ಪ್ರತಿ ಅರ್ಧ ಗಂಟೆಗೆ ಅರ್ಧ ಯೂನಿಟ್, ನೀರೂ ದಂಡ.

ಬಿಸಿಯೂಟದ ಅಡುಗೆಮನೆಯನ್ನು ಬಹಳ ಜನ ಮರೆತುಬಿಡುತ್ತಾರೆ. ಗ್ಯಾಸೂ ಶಕ್ತಿಯೇ ಅಲ್ವಾ? ಬೇಳೆ ನೆನೆಹಾಕುವುದು, ಮುಚ್ಚಳ ಮುಚ್ಚುವುದು, ಉರಿ ಪಾತ್ರೆಯ ತಳ ದಾಟದಂತೆ ಇಡುವುದು, ಇವೆಲ್ಲ ಅಡುಗೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಪಾಠ ಹೇಳಲು ಹೋಗಬೇಡಿ. ಸಿಲಿಂಡರ್ ಜೋಡಿಸಿದ ತಾರೀಖನ್ನು ಗೋಡೆಯ ಮೇಲೆ ಬರೆಯಲು ಹೇಳಿ, ಸಾಕು. ಎಷ್ಟು ದಿನ ಬಂತು ಎಂದು ಅವರೇ ಲೆಕ್ಕ ಇಡುತ್ತಾರೆ.

ಈಗ ಊರಿಗೆ ಹೇಳುವ ಕೆಲಸ

'ವಿದ್ಯುತ್ ಉಳಿಸಿ' ಎಂದು ಗೋಡೆ ಮೇಲೆ ಬರೆಸಿದ್ದನ್ನು ಯಾರೂ ಓದುವುದಿಲ್ಲ. ಗೇಟಿನ ಹತ್ತಿರ ಒಂದು ಕಪ್ಪು ಹಲಗೆ ಇಡಿ. ಪ್ರತಿ ಸೋಮವಾರ ಮಕ್ಕಳು ಅದರ ಮೇಲೆ ಟ್ಯಾಂಕ್ ಚಿತ್ರ ಬರೆಯಲಿ: ಕಳೆದ ವಾರ ಇಷ್ಟು ಟ್ಯಾಂಕ್, ಈ ವಾರ ಇಷ್ಟು. ಜಾಸ್ತಿ ಖರ್ಚಾದ ವಾರವನ್ನೂ ಮುಚ್ಚಿಡದೆ ಬರೆಯಬೇಕು, ಕಾರಣ ಸಮೇತ. "ಪಂಪು ಆರಿಸಲು ಮರೆತೆವು" ಎಂದು ಮಕ್ಕಳೇ ಬರೆದ ಹಲಗೆಯನ್ನು ಊರು ನಂಬುತ್ತದೆ.

ಆಮೇಲೆ ಮನೆ ಮೀಟರ್. ಇಲ್ಲಿ ಜಾಗ್ರತೆ ಬೇಕು. ಯಾರ ಮನೆಯದು ಎಷ್ಟು ಎಂದು ಹೆಸರು ಹಾಕಿ ಹಲಗೆಗೆ ಏರಿಸಬೇಡಿ. ಮನಸ್ಸು ಮುರಿಯುತ್ತದೆ. "ಲೆಕ್ಕ ಕೊಟ್ಟರೆ ಫ್ರೀ ಕರೆಂಟು ನಿಲ್ಲಿಸ್ತಾರಾ?" ಎಂಬ ಹೆದರಿಕೆಯೂ ಕೆಲವರಿಗಿದೆ. ಮಕ್ಕಳು ತಮ್ಮ ಮನೆಯ ಲೆಕ್ಕವನ್ನು ತಮ್ಮ ನೋಟ್‌ಬುಕ್ಕಿನಲ್ಲೇ ಇಟ್ಟುಕೊಳ್ಳಲಿ, ಮನೆಯವರಿಗೇ ತೋರಿಸಲಿ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆ ನೋಡಿ ಒಂದು ಮಿತಿ ಇದೆ. ಅದನ್ನು ದಾಟಿದ ಯೂನಿಟ್‌ಗಳಿಗೆ ದುಡ್ಡು ಕೊಡಬೇಕು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ತಿಂಗಳ ನಡುವೆ ಒಮ್ಮೆ ಮೀಟರ್ ಓದಿ ಹೇಳುವ ಮಗು ಮನೆಗೆ ನಿಜವಾಗಿ ಉಪಕಾರ ಮಾಡುತ್ತದೆ. ಇಷ್ಟು ಹೇಳಿದರೆ ಪೋಷಕರು ಕಿವಿಗೊಡುತ್ತಾರೆ.

ಹೇಳುವ ಜಾಗ, ಹೊತ್ತು ಎರಡೂ ಮುಖ್ಯ. ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಶಾಲೆಯೊಳಗೆ ಚೆನ್ನಾಗಿ ಮಾಡಿ. ಆದರೆ ಅಂದು ಊರಿನವರ ಸಭೆ ಕರೆಯಬೇಡಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಯಾರು ಬರುತ್ತಾರೆ? ಸಭೆಗೆ ಬರದವರ ಹತ್ತಿರ ನಾವೇ ಹೋಗಬಹುದು. ಸಂಜೆ ಅಡಿಕೆ ಸುಲಿಯಲು ಹತ್ತಾರು ಜನ ಒಂದೇ ಚಪ್ಪರದಲ್ಲಿ ಕೂತಿರುತ್ತಾರೆ. ಕೈ ಕೆಲಸದಲ್ಲಿರುತ್ತದೆ, ಕಿವಿ ಬಿಡುವಾಗಿರುತ್ತದೆ. ಆ ಮನೆಯ ಮಗುವೇ ತಲೆ ಮೇಲಿನ ಬಲ್ಬ್ ತೋರಿಸಿ, 60 ವ್ಯಾಟಿನ ಹಳೆ ಬಲ್ಬಿನ ಬೆಳಕು 9 ವ್ಯಾಟಿನ ಎಲ್‌ಇಡಿಯಲ್ಲಿ ಬರುತ್ತದೆ ಎಂದು ಹೇಳಲಿ. ಮಾತು ಅಲ್ಲಿಂದ ತಾನೇ ಬೆಳೆಯುತ್ತದೆ. ಬೆಳಿಗ್ಗೆ ಹಾಲಿನ ಡೈರಿ ಮುಂದಿನ ಸಾಲು, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಮಕ್ಕಳ ಗ್ರಾಮಸಭೆ, ಇವೂ ಒಳ್ಳೆಯ ಜಾಗಗಳೇ. ಮಕ್ಕಳ ಗ್ರಾಮಸಭೆಯಲ್ಲಿ ಹಗಲೂ ಉರಿಯುವ ಬೀದಿದೀಪದ ಕಂಬಗಳ ಪಟ್ಟಿ ಕೊಡಿ. ಅದು ಪಂಚಾಯಿತಿ ತಕ್ಷಣ ಸರಿಮಾಡಬಹುದಾದ ಕೆಲಸ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹೊತ್ತು ಮನೆ ಮನೆಗೆ ಹಾಡುತ್ತಾ ಬರುವ ಊರಾದರೆ ಅವರನ್ನು ಒಂದು ದಿನ ಶಾಲೆಗೂ ಕರೆಯಿರಿ. ಆ ಒಂದು ದೀಪವನ್ನು ಗಾಳಿಗೆ ಆರದಂತೆ ಹೇಗೆ ಕಾಯುತ್ತಾರೆ ಎಂದು ಮಕ್ಕಳು ಅವರ ಬಾಯಿಂದಲೇ ಕೇಳಲಿ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಬೀಗ ಹಾಕುವ ದಿನ ಕೊನೆಯ ರೀಡಿಂಗ್ ಬರೆದು, ನೋಟ್‌ಬುಕ್ಕನ್ನು ಕೆಳಗಿನ ತರಗತಿಯ ನಾಲ್ಕು ಮಕ್ಕಳ ಕೈಗೆ ಕೊಡಿ. ಶಾಲೆ ಮತ್ತೆ ತೆರೆದ ದಿನ ಅವರ ಮೊದಲ ಕೆಲಸ ಮೀಟರ್ ಓದುವುದು.